ಇಂಜೆಕ್ಟರ್ ಬದಲಿಸುವ ಮುನ್ನ ಅದರ ಹರಿವನ್ನು ತೂಗಿ ನೋಡಿ

ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮಗಳು 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಮಾರಾಟವಾದ ಮೋಟರ್‌ಸೈಕಲ್‌ಗಳಲ್ಲಿ ಬಹುಪಾಲಿಗೆ ಕಾರ್ಬ್ಯುರೇಟರ್ ಇಲ್ಲ. ಆ ಜಾಗಕ್ಕೆ ಇಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿ ಬಂದಿದೆ, ಅದರ ಪಕ್ಕದಲ್ಲಿ ವಿದ್ಯುತ್ತಿನಿಂದ ತೆರೆದು ಪೆಟ್ರೋಲ್ ಸಿಂಪಡಿಸುವ ಬೆರಳುದ್ದದ ಒಂದು ಫ್ಯೂಯೆಲ್ ಇಂಜೆಕ್ಟರ್ ಕೂತಿದೆ. ಕಾರ್ಬ್ಯುರೇಟರ್ ಇದ್ದಾಗ ಜೆಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದರೆ ಕಸ ಕಣ್ಣಿಗೇ ಕಾಣುತ್ತಿತ್ತು. ಇಂಜೆಕ್ಟರಿನ ಒಳಗೆ ಹಾಗೆ ಇಣುಕಿ ನೋಡಲಾಗುವುದಿಲ್ಲ. ಆದ್ದರಿಂದ ಗಾಡಿ ಪಿಕಪ್ ಬಿಟ್ಟಿತು, ಆವರೇಜ್ ಇಳಿಯಿತು, ಸೂಪರ್ ಮಾರ್ಕೆಟ್ ಕಡೆಯ ದಟ್ಟಣೆಯಲ್ಲಿ ನಿಂತಾಗಲೆಲ್ಲ ಬಂದ್ ಬೀಳುತ್ತದೆ ಎಂಬ ದೂರು ಬಂದ ಕೂಡಲೇ ‘ಇಂಜೆಕ್ಟರ್ ಹೋಗಿದೆ’ ಎಂದು ಅಂದಾಜಿನ ಮೇಲೆ ತೀರ್ಮಾನಿಸುವುದು ಕಲಬುರಗಿಯ ಗ್ಯಾರೇಜುಗಳಲ್ಲಿ ರೂಢಿಯಾಗಿಬಿಟ್ಟಿದೆ. ಹೊಸ ಇಂಜೆಕ್ಟರ್ ಹಾಕಿದ ಮೇಲೂ ದೋಷ ಹಾಗೆಯೇ ಉಳಿದರೆ ನಷ್ಟವೆಲ್ಲ ಗಾಡಿಯವನ ಪಾಲಿಗೆ ಬರುತ್ತದೆ. ಇಂಜೆಕ್ಟರಿನ ಹರಿವನ್ನು ಅಳೆಯಬಹುದು. ಅದಕ್ಕೆ ಲಕ್ಷಾಂತರ ರೂಪಾಯಿಯ ಯಂತ್ರವೂ ಬೇಕಿಲ್ಲ. ಆದರೆ ಎಷ್ಟು ಪ್ರೆಶರ್‌ನಲ್ಲಿ, ಎಷ್ಟು ವೋಲ್ಟೇಜ್‌ನಲ್ಲಿ, ಎಷ್ಟು ಹೊತ್ತು ತೆರೆದಿಟ್ಟಾಗ ಅಳೆದದ್ದು ಎಂಬುದನ್ನು ಬರೆದಿಡದ ಹರಿವಿನ ಸಂಖ್ಯೆಗೆ ಯಾವ ಬೆಲೆಯೂ ಇಲ್ಲ.

ದೂರಿನಲ್ಲೇ ಇರುವ ಸುಳಿವು

ಯಾವ ಸ್ಥಿತಿಯಲ್ಲಿ ಗಾಡಿ ತೊಂದರೆ ಕೊಡುತ್ತದೆ ಎಂಬುದನ್ನು ಮಾಲೀಕನಿಂದ ಸಮಾಧಾನವಾಗಿ ಕೇಳಿಕೊಳ್ಳಬೇಕು. ಐಡಲ್‌ನಲ್ಲಿ (ಅಂದರೆ ಥ್ರಾಟಲ್ ಕೊಡದೆ ಇಂಜಿನ್ ನಿಧಾನವಾಗಿ ನಡೆಯುವಾಗ) ಏರಿಳಿಯುತ್ತ, ಥ್ರಾಟಲ್ ಬಿಟ್ಟಾಗ ಬಂದ್ ಬೀಳುವ ಗಾಡಿ ಜೇವರ್ಗಿ ರಸ್ತೆಯಲ್ಲಿ 60ರ ವೇಗದಲ್ಲಿ ಸರಾಗವಾಗಿ ಹೋಗುತ್ತಿದ್ದರೆ, ಇಂಜೆಕ್ಟರ್ ತೆರೆಯಲು ತಡ ಮಾಡುತ್ತಿರಬಹುದು, ಇಲ್ಲವೇ ಇಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಯಾದ ಮ್ಯಾನಿಫೋಲ್ಡಿನಲ್ಲಿ ಗಾಳಿ ಸೋರುತ್ತಿರಬಹುದು. ಇದಕ್ಕೆ ತದ್ವಿರುದ್ಧವಾಗಿ, ಐಡಲ್ ಚೆನ್ನಾಗಿದ್ದು ಹಿಂದೆ ಒಬ್ಬರನ್ನು ಕೂರಿಸಿಕೊಂಡು ಪೂರ್ತಿ ಥ್ರಾಟಲ್ ಕೊಟ್ಟಾಗ ಮಾತ್ರ ಮಿಸ್ಸಿಂಗ್ ಹೊಡೆದರೆ, ಪಂಪು, ಟ್ಯಾಂಕಿನೊಳಗಿನ ಸ್ಟ್ರೇನರ್ (ಪೆಟ್ರೋಲ್ ಸೋಸುವ ಜಾಲರಿ) ಅಥವಾ ಇಂಜೆಕ್ಟರಿನ ರಂಧ್ರಗಳು ಸಾಕಷ್ಟು ಪೆಟ್ರೋಲ್ ಬಿಡುತ್ತಿಲ್ಲ ಎಂದಾಗುತ್ತದೆ. ಬಿಸಿ ಇಂಜಿನ್ ನಿಲ್ಲಿಸಿ ಹತ್ತು ನಿಮಿಷದ ಮೇಲೆ ಸ್ಟಾರ್ಟ್ ಮಾಡಲು ಕಷ್ಟವಾಗಿ, ಸ್ಟಾರ್ಟ್ ಆದಾಗ ಕಪ್ಪು ಹೊಗೆ ಬಂದು, ಪ್ಲಗ್ಗು ಮಸಿ ಹಿಡಿದಿದ್ದರೆ ಇಂಜೆಕ್ಟರ್ ಮುಚ್ಚಿದ ಮೇಲೂ ತೊಟ್ಟಿಕ್ಕುತ್ತಿರುವ ಸಂಭವವಿದೆ. ಆವರೇಜ್ ಇಳಿಯುವ ದೂರಿಗೂ ಇದೇ ಕಾರಣವಾಗಿರಬಹುದು.

ಸ್ಕ್ಯಾನರ್ ಇದ್ದವರು ಫ್ಯೂಯೆಲ್ ಟ್ರಿಮ್, ಅಂದರೆ ಇಂಧನವನ್ನು ನಿಯಂತ್ರಿಸುವ ಗಾಡಿಯ ಕಂಪ್ಯೂಟರ್ (ಇಸಿಯು) ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಇಂಧನವನ್ನು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬುದನ್ನು ನೋಡಬೇಕು. ಪಿ0201 ಎಂಬ ಕೋಡ್ ಬಂದಿದ್ದರೆ ಅದು ಇಂಜೆಕ್ಟರಿನ ವಿದ್ಯುತ್ ಸರ್ಕ್ಯೂಟಿನ ದೋಷವನ್ನು ಹೇಳುತ್ತದೆಯೇ ಹೊರತು ಹರಿವಿನ ದೋಷವನ್ನಲ್ಲ. ಆಗ ವೈರು ಮತ್ತು ಕನೆಕ್ಟರನ್ನು ಪರೀಕ್ಷಿಸಬೇಕು. ಕೋಡ್ ಏನೂ ಇಲ್ಲದೆ, ಟ್ರಿಮ್ ಐಡಲ್‌ನಲ್ಲಿ ಮಾತ್ರ ಬಹಳ ಏರಿದ್ದು ವೇಗದಲ್ಲಿ ಸಹಜಕ್ಕೆ ಮರಳುತ್ತಿದ್ದರೆ, ಅದು ಮೇಲೆ ಹೇಳಿದ ತಡ ಅಥವಾ ಗಾಳಿ ಸೋರಿಕೆಯ ಗುರುತು. ಎಲ್ಲ ವೇಗಗಳಲ್ಲೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಪ್ರೆಶರ್ ಕಡಿಮೆಯಾಗಿದೆ ಅಥವಾ ರಂಧ್ರ ಕಟ್ಟಿದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈಗ ಪಂಪುಗಳಲ್ಲಿ ಸಿಗುತ್ತಿರುವುದು ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲ್. ಶುದ್ಧ ಪೆಟ್ರೋಲಿನ 1 ಗ್ರಾಂ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕಾದರೆ, ಇ20ಗೆ ಸುಮಾರು 13.5 ಗ್ರಾಂ ಸಾಕು. ಅಂದರೆ ಅದೇ ಗಾಳಿಗೆ ಶೇ 8ರಿಂದ 9ರಷ್ಟು ಹೆಚ್ಚು ಇಂಧನವನ್ನು ಇಂಜೆಕ್ಟರ್ ಬಿಡಬೇಕಾಗುತ್ತದೆ. ಶುದ್ಧ ಪೆಟ್ರೋಲಿಗೋ ಇ10ಗೋ ಹೊಂದಿಸಿದ ಗಾಡಿಯಲ್ಲಿ ಟ್ರಿಮ್ ಕೆಲವು ಅಂಶ ಮೇಲೆ ನಿಂತಿದ್ದರೆ ಅಷ್ಟಕ್ಕೇ ಇಂಜೆಕ್ಟರನ್ನು ಅನುಮಾನಿಸಬಾರದು.

ಬಿಚ್ಚುವ ಮುನ್ನ ನೋಡಬೇಕಾದದ್ದು

ಮೊದಲು ಪೆಟ್ರೋಲ್. ಟ್ಯಾಂಕಿನ ತಳದಿಂದ ಅರ್ಧ ಲೋಟದಷ್ಟು ತೆಗೆದು, ತಿಳಿಯಾದ ಗಾಜಿನ ಬಾಟಲಿಯಲ್ಲಿ ಅರ್ಧ ತಾಸು ಅಲುಗಾಡಿಸದೆ ಇಡಬೇಕು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ; ಪಂಪು ಹೀರುವುದು ಆ ತಳದಿಂದಲೇ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಎರಡು ವಿಶೇಷ ಸಂದರ್ಭಗಳಿವೆ. ದುಡಿಯಲು ಹೈದರಾಬಾದ್, ಪುಣೆ, ಮುಂಬೈ, ಬೆಂಗಳೂರಿಗೆ ಹೋದವರ ಗಾಡಿಗಳು ಊರಿನ ಪಡಸಾಲೆಯಲ್ಲಿ ತಿಂಗಳುಗಟ್ಟಲೆ ನಿಂತಿರುತ್ತವೆ. ಆಗ ಇಂಜೆಕ್ಟರಿನ ತುದಿಯಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗುತ್ತದೆ. ಎರಡನೆಯದು ಬಾಟಲಿ ಪೆಟ್ರೋಲ್. ಪಂಪು ದೂರವಿರುವ ಹಳ್ಳಿಗಳಲ್ಲಿ ಕಿರಾಣಿ ಅಂಗಡಿಯ ಮುಂದೆ ಬಿಸಿಲಿಗೆ ಇಟ್ಟು ಮಾರುವ ಪೆಟ್ರೋಲಿನಲ್ಲಿ ನೀರೂ ಧೂಳೂ ಸೇರಿರುವುದು ಸಾಮಾನ್ಯ. ಸೇಡಂ, ಮಳಖೇಡ, ವಾಡಿ, ಶಹಾಬಾದ್ ಕಡೆಯ ಗಾಡಿಗಳಾದರೆ ಸಿಮೆಂಟಿನ ಹಾಗೂ ಸುಣ್ಣಕಲ್ಲಿನ ನುಣುಪು ಧೂಳು ಟ್ಯಾಂಕಿನ ಮುಚ್ಚಳ ತೆರೆದಾಗಲೆಲ್ಲ ಒಳಗೆ ಇಳಿದು, ಸ್ಟ್ರೇನರಿನ ಜಾಲರಿಯಲ್ಲಿ ಬೂದು ಕೆಸರಾಗಿ ಕೂತಿರುತ್ತದೆ. ಇಂಥ ಗಾಡಿಗೆ ಇಂಜೆಕ್ಟರ್ ಮಾತ್ರ ಬದಲಿಸಿ ಕಳಿಸಿದರೆ ದೋಷ ಮರಳಿ ಬರುತ್ತದೆ.

ನಂತರ ಪ್ರೆಶರ್. ನಮ್ಮಲ್ಲಿನ ಬಹುಪಾಲು ಬೈಕುಗಳಲ್ಲಿ ಪಂಪು ಮತ್ತು ಪ್ರೆಶರನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಎರಡೂ ಟ್ಯಾಂಕಿನೊಳಗೇ ಇರುತ್ತವೆ, ಪ್ರೆಶರ್ ಸಾಮಾನ್ಯವಾಗಿ 2.5ರಿಂದ 3 ಬಾರ್ ಆಸುಪಾಸಿನಲ್ಲಿರುತ್ತದೆ. ನಿಖರ ಅಂಕಿಯನ್ನು ಆಯಾ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಬೇಕು. ಹೋಸಿನ ನಡುವೆ ಟೀ ಜೋಡಣೆ ಹಾಕಿ ಗೇಜ್ ಕೂರಿಸಿ, ಐಡಲ್‌ನಲ್ಲಿ ಒಮ್ಮೆ, ಥ್ರಾಟಲ್ ಎತ್ತಿದಾಗ ಇನ್ನೊಮ್ಮೆ ಓದಬೇಕು. ಐಡಲ್‌ನಲ್ಲಿ 3 ಬಾರ್ ತೋರಿಸುವ ಗೇಜ್ ಥ್ರಾಟಲ್ ಎತ್ತಿದಾಗ 2.4ಕ್ಕೆ ಕುಸಿದರೆ ಇಂಜೆಕ್ಟರನ್ನು ಮುಟ್ಟುವ ಅಗತ್ಯವೇ ಇಲ್ಲ. ಸ್ಟ್ರೇನರ್, ಪಂಪು, ಪಂಪಿಗೆ ಬರುವ ವೋಲ್ಟೇಜ್ ಈ ಮೂರರಲ್ಲೇ ಕಾರಣ ಸಿಗುತ್ತದೆ.

ಮೂರನೆಯದು ವಿದ್ಯುತ್. ಇಂಜೆಕ್ಟರಿನ ಎರಡು ಪಿನ್ನುಗಳ ನಡುವಿನ ರೆಸಿಸ್ಟೆನ್ಸ್ ಬೈಕುಗಳಲ್ಲಿ ಹೆಚ್ಚಾಗಿ 10ರಿಂದ 15 ಓಮ್ ಇರುತ್ತದೆ. ಅದು ಸರಿಯಿದ್ದರೂ ಕೆಲಸ ಮುಗಿಯಲಿಲ್ಲ. ಇಸಿಯು ಬ್ಯಾಟರಿಯ ವೋಲ್ಟೇಜನ್ನು ಸದಾ ಗಮನಿಸುತ್ತಿರುತ್ತದೆ, ವೋಲ್ಟೇಜ್ ಇಳಿದರೆ ಇಂಜೆಕ್ಟರ್ ತೆರೆಯಲು ತಡವಾಗುತ್ತದೆಂದು ತಿಳಿದು ಪಲ್ಸಿನ, ಅಂದರೆ ಪ್ರತಿ ಸಲ ಇಂಜೆಕ್ಟರಿಗೆ ವಿದ್ಯುತ್ ಕೊಡುವ, ಅವಧಿಯನ್ನು ಅಷ್ಟು ಹೆಚ್ಚಿಸುತ್ತದೆ. ಆದರೆ ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದು, ಹಸಿರುಗಟ್ಟಿದ ಕನೆಕ್ಟರೋ ಸಡಿಲ ಜೋಡಣೆಯೋ ನಡುವೆ 2 ವೋಲ್ಟ್ ನುಂಗಿಹಾಕಿದರೆ ಅದು ಇಸಿಯುವಿಗೆ ಗೊತ್ತಾಗುವುದೇ ಇಲ್ಲ. ಇಂಜೆಕ್ಟರಿಗೆ 12 ವೋಲ್ಟ್ ಮಾತ್ರ ತಲುಪಿ, ಅದು ತಡವಾಗಿ ತೆರೆದು, ಐಡಲ್‌ನಲ್ಲಿ ಪೆಟ್ರೋಲ್ ಕಡಿಮೆ ಬೀಳುತ್ತದೆ. ಹೀಗಾಗಿ ಇಂಜಿನ್ ನಡೆಯುತ್ತಿರುವಾಗಲೇ, ಕನೆಕ್ಟರನ್ನು ಕಳಚದೆ, ಅದರ ಹಿಂಬದಿಯಿಂದ ಮಲ್ಟಿಮೀಟರಿನ ತೆಳು ಸೂಜಿಯನ್ನು ಇಳಿಸಿ ಪಾಸಿಟಿವ್ ವೈರಿನ ವೋಲ್ಟೇಜನ್ನು ಬ್ಯಾಟರಿಯ ವೋಲ್ಟೇಜಿನೊಂದಿಗೆ ಹೋಲಿಸಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಅಂತರವನ್ನು ನಾನು ಸರಿಯೆಂದು ಬಿಡುವುದಿಲ್ಲ.

ಹರಿವು ಒಂದೇ ಸಂಖ್ಯೆಯಲ್ಲ

ಇಂಜೆಕ್ಟರನ್ನು ನಿರಂತರವಾಗಿ ತೆರೆದಿಟ್ಟಾಗ ಒಂದು ನಿಮಿಷಕ್ಕೆ ಎಷ್ಟು ಇಂಧನ ಬರುತ್ತದೆ ಎಂಬುದು ಸ್ಟ್ಯಾಟಿಕ್ ಹರಿವು. ಪೊಟ್ಟಣದ ಮೇಲೋ ಜಾಹೀರಾತಿನಲ್ಲೋ ನಿಮಿಷಕ್ಕೆ ಇಷ್ಟು ಸಿಸಿ ಎಂದು ಬರೆಯುವುದು ಇದನ್ನೇ. ಆದರೆ ಬೈಕಿನಲ್ಲಿ ಇಂಜೆಕ್ಟರ್ ಹೀಗೆ ಎಂದೂ ತೆರೆದಿರುವುದಿಲ್ಲ. 8,000 ಆರ್‌ಪಿಎಂನಲ್ಲಿ ನಾಲ್ಕು ಸ್ಟ್ರೋಕಿನ ಇಂಜಿನ್ನಿನ ಒಂದು ಆವರ್ತನೆಗೆ, ಅಂದರೆ ಎರಡು ಸುತ್ತಿಗೆ, ಸಿಗುವುದೇ 15 ಮಿಲಿಸೆಕೆಂಡ್. ಐಡಲ್‌ನಲ್ಲಿ ಪಲ್ಸಿನ ಅವಧಿ 2–3 ಮಿಲಿಸೆಕೆಂಡಿನಷ್ಟು ಕಿರಿದು. ವಿದ್ಯುತ್ ಬಂದ ಕ್ಷಣದಿಂದ, ಇಂಜೆಕ್ಟರಿನ ರಂಧ್ರಗಳನ್ನು ಮುಚ್ಚಿ ಹಿಡಿದಿರುವ ಒಳಗಿನ ಸೂಜಿ ಎದ್ದು ಇಂಧನ ಹರಿಯುವವರೆಗೆ ಸುಮಾರು 1 ಮಿಲಿಸೆಕೆಂಡ್ ವ್ಯರ್ಥವಾಗುತ್ತದೆ, ವಿದ್ಯುತ್ ನಿಂತ ಮೇಲೆ ಮುಚ್ಚಲು ಹಿಡಿಯುವ ಸಮಯದಲ್ಲಿ ಅದರ ಒಂದಂಶ ಮರಳಿ ಸಿಗುತ್ತದೆ. ಈ ಎರಡರ ವ್ಯತ್ಯಾಸವನ್ನು ಡೆಡ್ ಟೈಮ್ ಎನ್ನುತ್ತಾರೆ. 10 ಮಿಲಿಸೆಕೆಂಡಿನ ಪಲ್ಸಿನಲ್ಲಿ ಡೆಡ್ ಟೈಮಿನ ಸಣ್ಣ ಏರುಪೇರು ಗಮನಕ್ಕೇ ಬರುವುದಿಲ್ಲ, ಆದರೆ ಐಡಲ್‌ನಲ್ಲಿ ಅದೇ ಏರುಪೇರು ಇಂಜಿನ್ನನ್ನು ನಿಲ್ಲಿಸಿಬಿಡುತ್ತದೆ. ಆದ್ದರಿಂದ ಸ್ಟ್ಯಾಟಿಕ್ ಹರಿವನ್ನೂ ಪಲ್ಸಿನ ಹರಿವನ್ನೂ ಎರಡನ್ನೂ ಅಳೆಯಬೇಕು. ಸ್ಟ್ಯಾಟಿಕ್ ಮಾತ್ರ ಅಳೆದು ‘ಇಂಜೆಕ್ಟರ್ ಚೆನ್ನಾಗಿದೆ’ ಎಂದು ಹೇಳುವುದು ಅರ್ಧ ಪರೀಕ್ಷೆ.

ಸಾಧನಗಳು ಮತ್ತು ಬೆಂಕಿಯ ಅಪಾಯ

ಗಾಡಿಯ ಮೇಲೇ ಪೆಟ್ರೋಲ್ ಚಿಮ್ಮಿಸಿ ಅಳೆಯುವುದನ್ನು ನಾನು ಒಪ್ಪುವುದಿಲ್ಲ. 3 ಬಾರ್ ಪ್ರೆಶರಿನಲ್ಲಿ ಮಂಜಿನಂತೆ ಹೊಮ್ಮುವ ಪೆಟ್ರೋಲಿಗೆ ಒಂದು ಕಿಡಿ ಸಾಕು, ಬ್ಯಾಟರಿಯ ಟರ್ಮಿನಲ್ಲಿಗೆ ಕ್ಲಿಪ್ ತಗುಲಿಸುವಾಗ ಆ ಕಿಡಿ ಹುಟ್ಟಿಯೇ ಹುಟ್ಟುತ್ತದೆ. ಹಳೆಯ ಪಂಪ್ ಮಾಡ್ಯೂಲ್ ಒಂದನ್ನು ಸ್ಟೀಲ್ ಡಬ್ಬಿಯಲ್ಲಿ ಕೂರಿಸಿ, ಹೋಸು, ಗೇಜ್, ಇಂಜೆಕ್ಟರ್ ಹಿಡಿಯುವ ಗಟ್ಟಿ ಕ್ಲಾಂಪ್ ಜೋಡಿಸಿ ಪ್ರತ್ಯೇಕ ಬೆಂಚನ್ನೇ ಮಾಡಿಕೊಳ್ಳಬೇಕು. ಕ್ಲಾಂಪ್ ಸಡಿಲವಿದ್ದರೆ ಪ್ರೆಶರ್ ಬಂದ ಕ್ಷಣ ಇಂಜೆಕ್ಟರ್ ಸಿಡಿದು ಹೊರಬರುತ್ತದೆ. ದ್ರವವಾಗಿ ಇಂಜೆಕ್ಟರ್ ಪರೀಕ್ಷೆಗೆಂದೇ ಮಾರುವ ಟೆಸ್ಟಿಂಗ್ ಫ್ಲೂಯಿಡ್ ಉತ್ತಮ. ಅದು ಸಿಗದಿದ್ದರೆ ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ಆಗುತ್ತದೆ. ಸೀಮೆಎಣ್ಣೆ ಮತ್ತು ಡೀಸೆಲ್ ಬೇಡ. ಅವುಗಳ ಸ್ನಿಗ್ಧತೆ ಹೆಚ್ಚಾದ್ದರಿಂದ ಹರಿವು ಬೇರೆಯೇ ಬರುತ್ತದೆ. ಟರ್ಪೆಂಟೈನಿನ ಆವಿ 30ರಿಂದ 40 ಡಿಗ್ರಿ ಆಸುಪಾಸಿನಲ್ಲೇ ಕಿಡಿಗೆ ಹೊತ್ತಿಕೊಳ್ಳುತ್ತದೆ. ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ತಗಡಿನ ಶೀಟಿನ ಕೆಳಗೆ ಅದಕ್ಕಿಂತ ಹೆಚ್ಚು ಬಿಸಿ ಇರುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಟರ್ಪೆಂಟೈನನ್ನೂ ಪೆಟ್ರೋಲಿನಷ್ಟೇ ಅಪಾಯಕಾರಿ ಎಂದು ನೋಡಬೇಕು. ಬೆಳಗಿನ ಹೊತ್ತು, ಗಾಳಿಯಾಡುವ ಜಾಗದಲ್ಲಿ, ಪುಡಿಯ ಅಗ್ನಿಶಾಮಕವನ್ನು ಕೈಗೆಟುಕುವಂತೆ ಇಟ್ಟುಕೊಂಡು ಪರೀಕ್ಷಿಸಬೇಕು. ಸ್ವಿಚ್ಚನ್ನು ಬೆಂಚಿನಿಂದ ದೂರವಿಟ್ಟು, ಕ್ಲಿಪ್ಪುಗಳನ್ನೆಲ್ಲ ಮೊದಲೇ ಬಿಗಿದ ಮೇಲಷ್ಟೇ ಕರೆಂಟ್ ಕೊಡಬೇಕು.

ತೂಗಲು 0.01 ಗ್ರಾಂ ತೋರಿಸುವ, ಸರಾಫರ ಅಂಗಡಿಯಲ್ಲಿ ಬಳಸುವಂಥ ಎಲೆಕ್ಟ್ರಾನಿಕ್ ತಕ್ಕಡಿ ಬೇಕು. ಅಳತೆಯ ಗಾಜಿನ ಕೊಳವೆಗಿಂತ ತಕ್ಕಡಿ ಮೇಲು ಎನ್ನಲು ಕಾರಣವಿದೆ. ಪೆಟ್ರೋಲಿನ ಗಾತ್ರ ಪ್ರತಿ 10 ಡಿಗ್ರಿಗೆ ಸುಮಾರು ಶೇ 1ರಷ್ಟು ಹಿಗ್ಗುತ್ತದೆ, ಡಿಸೆಂಬರಿನ ಬೆಳಗಿಗೂ ಮೇ ತಿಂಗಳ ಮಧ್ಯಾಹ್ನಕ್ಕೂ ನಮ್ಮಲ್ಲಿ 25–30 ಡಿಗ್ರಿ ಅಂತರವಿದೆ. ಜೊತೆಗೆ ಕೊಳವೆಯಲ್ಲಿ ಎದ್ದ ನೊರೆ ಇಳಿಯುವವರೆಗೆ ಗೆರೆ ಓದಲಾಗದು. ತೂಕಕ್ಕೆ ಈ ತೊಡಕುಗಳಿಲ್ಲ. ಆದರೆ ಫ್ಯಾನ್ ಬಂದ್ ಮಾಡಿರಬೇಕು, ಬಾಟಲಿಗೆ ಮುಚ್ಚಳವಿರಬೇಕು. ಪೆಟ್ರೋಲನ್ನು ತೆರೆದ ಬಟ್ಟಲಿನಲ್ಲಿ ತಕ್ಕಡಿಯ ಮೇಲಿಟ್ಟು ನೋಡಿದರೆ ಕೊನೆಯ ಅಂಕಿ ಒಂದೊಂದಾಗಿ ಇಳಿಯುತ್ತಲೇ ಹೋಗುವುದು ಕಾಣುತ್ತದೆ; ಅಷ್ಟು ಬೇಗ ಅದು ಆವಿಯಾಗುತ್ತಿರುತ್ತದೆ.

ಪಲ್ಸ್ ಕೊಡಲು 555 ಟೈಮರ್ ಚಿಪ್ ಅಥವಾ ಆರ್ಡುಯಿನೋದಂಥ ಪ್ರೋಗ್ರಾಮ್ ಮಾಡಬಹುದಾದ ಸಣ್ಣ ಬೋರ್ಡ್, ಎಲೆಕ್ಟ್ರಾನಿಕ್ ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಮಾಸ್‌ಫೆಟ್ ಸಾಕು. ಬೋರ್ಡಿನಲ್ಲಾದರೆ ಇಷ್ಟು ಮಿಲಿಸೆಕೆಂಡಿನ 1,000 ಪಲ್ಸ್ ಎಂದು ಕರಾರುವಾಕ್ಕಾಗಿ ಎಣಿಸಬಹುದಾದ್ದರಿಂದ ನಾನು ಅದನ್ನೇ ಶಿಫಾರಸು ಮಾಡುತ್ತೇನೆ. ಸೂಜಿಯನ್ನು ಎತ್ತುವ ಕಾಯಿಲಿನ ಕರೆಂಟ್ ಕಡಿತಗೊಂಡಾಗ ಹುಟ್ಟುವ ವೋಲ್ಟೇಜನ್ನು ತಡೆಯಲು ಇಂಜೆಕ್ಟರಿಗೆ ಅಡ್ಡಲಾಗಿ ಬರೀ ಡಯೋಡ್ ಹಾಕಿದರೆ ಕಾಯಿಲಿನ ಕರೆಂಟ್ ನಿಧಾನವಾಗಿ ಸಾಯುತ್ತದೆ, ಸೂಜಿ ತಡವಾಗಿ ಮುಚ್ಚುತ್ತದೆ, ಹರಿವು ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಬೈಕಿನ ಇಸಿಯುಗಳಲ್ಲಿರುವಂತೆ ಝೀನರ್ ಡಯೋಡ್ ಬಳಸಿ ಹೆಚ್ಚಿನ ವೋಲ್ಟೇಜಿಗೆ ಕಟ್ಟಿಹಾಕುವುದು ಸರಿಯಾದ ಕ್ರಮ. ಪರೀಕ್ಷೆಯ ಉದ್ದಕ್ಕೂ ವೋಲ್ಟೇಜನ್ನು 13.5ಕ್ಕೋ 14ಕ್ಕೋ ಸ್ಥಿರವಾಗಿ ನಿಲ್ಲಿಸಬೇಕು. ರೆಸಿಸ್ಟೆನ್ಸ್ 2–3 ಓಮ್ ಇರುವ ಇಂಜೆಕ್ಟರ್ ಅಪರೂಪಕ್ಕೆ ಸಿಕ್ಕರೆ ಅದನ್ನು ನೇರವಾಗಿ ಬ್ಯಾಟರಿಗೆ ಕೊಡಕೂಡದು, ಕಾಯಿಲ್ ಸುಟ್ಟುಹೋಗುತ್ತದೆ.

ಅಳತೆ ಮತ್ತು ಲೆಕ್ಕ

ಗಾಡಿಯಿಂದ ಇಂಜೆಕ್ಟರ್ ತೆಗೆಯುವ ಮುನ್ನ ಪಂಪಿನ ಕನೆಕ್ಟರ್ ಕಳಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ನಡೆಸಿ, ಲೈನಿನ ಪ್ರೆಶರ್ ಇಳಿಸಿ, ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಥ್ರಾಟಲ್ ಬಾಡಿಯ ಸುತ್ತಲಿನ ಧೂಳನ್ನು ಮೊದಲೇ ಒರೆಸದಿದ್ದರೆ ಅದು ಇಂಜೆಕ್ಟರಿನ ಗೂಡಿಗೇ ಬೀಳುತ್ತದೆ.

ಬೆಂಚಿನ ಮೇಲೆ ಪಂಪು ಓಡಿಸಿ, ಪ್ರೆಶರ್ 3 ಬಾರಿನಲ್ಲಿ ನಿಂತ ಮೇಲೆ, ಹೋಸಿನೊಳಗಿನ ಗಾಳಿ ಹೋಗುವಷ್ಟು ಹೊತ್ತು ಇಂಜೆಕ್ಟರನ್ನು ಪಲ್ಸಿನಲ್ಲಿ ನಡೆಸಿ ಆ ದ್ರವವನ್ನು ಬೇರೆ ಡಬ್ಬಿಗೆ ಬಿಡಬೇಕು. ನಂತರ ತೂಗಿಟ್ಟ ಬಾಟಲಿ ಇಟ್ಟು, ಮೊದಲು 30 ಸೆಕೆಂಡ್ ನಿರಂತರವಾಗಿ ತೆರೆದು ತೂಗಬೇಕು. 12 ಓಮ್ ಇಂಜೆಕ್ಟರ್ ಹೀಗೆ ತೆರೆದಿರುವಾಗ ಒಂದು ಆಂಪಿಯರಿಗಿಂತ ತುಸು ಹೆಚ್ಚು ಕರೆಂಟ್ ಎಳೆದು ಬಿಸಿಯಾಗುತ್ತದೆ, ಒಳಗೆ ಹರಿಯುವ ದ್ರವವೇ ಅದನ್ನು ತಣ್ಣಗಿಡುತ್ತದೆ. ಆದ್ದರಿಂದ ಒಣಗಿದ ಇಂಜೆಕ್ಟರಿಗೆ ಹೀಗೆ ಕರೆಂಟ್ ಕೊಡಬಾರದು. ಎರಡನೆಯದಾಗಿ 10 ಮಿಲಿಸೆಕೆಂಡಿನ 1,000 ಪಲ್ಸ್, ಮೂರನೆಯದಾಗಿ 3 ಮಿಲಿಸೆಕೆಂಡಿನ 1,000 ಪಲ್ಸ್, ಒಂದು ಪಲ್ಸಿನ ಆರಂಭದಿಂದ ಮುಂದಿನದರ ಆರಂಭಕ್ಕೆ 20 ಮಿಲಿಸೆಕೆಂಡ್ ಇಟ್ಟು ತೂಗಬೇಕು. ಪ್ರತಿ ಅಳತೆಯನ್ನು ಮೂರು ಸಲ ಮಾಡಿ, ಮೂರೂ ಶೇ 1ರ ಒಳಗೆ ಹೊಂದಿದರೆ ಮಾತ್ರ ಸ್ವೀಕರಿಸಬೇಕು. ಹೊಂದದಿದ್ದರೆ ಪ್ರೆಶರ್ ಅಲುಗಾಡುತ್ತಿದೆ ಅಥವಾ ಸೂಜಿಯೇ ಅಂಟಿ ಅಂಟಿ ಏಳುತ್ತಿದೆ. ಗೇಜಿನ ಮುಳ್ಳು ನಿಶ್ಚಲವಾಗಿದ್ದೂ ತೂಕ ಬದಲಾಗುತ್ತಿದ್ದರೆ ಎರಡನೆಯ ಕಾರಣವೇ ನಿಜ.

ಲೆಕ್ಕ ಸುಲಭವಾಗಲೆಂದು, ದೋಷವಿಲ್ಲದ ಒಂದು ಇಂಜೆಕ್ಟರ್ 30 ಸೆಕೆಂಡಿನಲ್ಲಿ 30.0 ಗ್ರಾಂ, 10 ಮಿಲಿಸೆಕೆಂಡಿನ ಪಲ್ಸಿನಲ್ಲಿ 9.00 ಗ್ರಾಂ, 3 ಮಿಲಿಸೆಕೆಂಡಿನಲ್ಲಿ 2.00 ಗ್ರಾಂ ಕೊಟ್ಟಿತು ಎಂದಿಟ್ಟುಕೊಳ್ಳೋಣ. ಎರಡು ಪಲ್ಸ್ ಅಳತೆಗಳ ವ್ಯತ್ಯಾಸ 7.00 ಗ್ರಾಂ, ಅವಧಿಯ ವ್ಯತ್ಯಾಸ 7 ಮಿಲಿಸೆಕೆಂಡ್. ಅಂದರೆ ತೆರೆದಿರುವ ಪ್ರತಿ ಮಿಲಿಸೆಕೆಂಡಿಗೆ, ಸಾವಿರ ಪಲ್ಸಿನಲ್ಲಿ, 1.00 ಗ್ರಾಂ ಬರುತ್ತಿದೆ. ಇದು ಸ್ಟ್ಯಾಟಿಕ್ ಅಳತೆಯ ಸೆಕೆಂಡಿಗೆ 1 ಗ್ರಾಂ ಎಂಬುದಕ್ಕೆ ತಾಳೆಯಾಗುತ್ತದೆ. 3 ಮಿಲಿಸೆಕೆಂಡಿನಲ್ಲಿ 2.00 ಗ್ರಾಂ ಮಾತ್ರ ಬಂದಿರುವುದರಿಂದ ಡೆಡ್ ಟೈಮ್ 1 ಮಿಲಿಸೆಕೆಂಡ್.

ಈಗ ಅದೇ ನಂಬರಿನ ಎರಡು ಅನುಮಾನಾಸ್ಪದ ಇಂಜೆಕ್ಟರುಗಳನ್ನು ತೆಗೆದುಕೊಳ್ಳೋಣ. ಮೊದಲನೆಯದು 29.4, 8.53, 1.67 ಗ್ರಾಂ ಕೊಡುತ್ತದೆ. ಎರಡನೆಯದು 25.5, 7.65, 1.70 ಗ್ರಾಂ ಕೊಡುತ್ತದೆ. 3 ಮಿಲಿಸೆಕೆಂಡಿನ ಅಳತೆಯೊಂದನ್ನೇ ನೋಡಿದರೆ ಇವೆರಡೂ ಒಂದೇ ರೋಗದವು ಎನಿಸುತ್ತದೆ. ಎರಡೂ ಸುಮಾರು ಶೇ 15–17ರಷ್ಟು ಕಡಿಮೆ ಬಿಡುತ್ತಿವೆ. ಆದರೆ ಲೆಕ್ಕ ಹಾಕಿದಾಗ ಮೊದಲನೆಯದರ ಹರಿವು ಮಿಲಿಸೆಕೆಂಡಿಗೆ 0.98, ಡೆಡ್ ಟೈಮ್ 1.3 ಮಿಲಿಸೆಕೆಂಡ್ ಬರುತ್ತದೆ. ಇದರ ರಂಧ್ರಗಳು ತೆರೆದೇ ಇವೆ, ಸೂಜಿ ಅಂಟಿನಿಂದ ತಡವಾಗಿ ಏಳುತ್ತಿದೆ. ಈ ಗಾಡಿ ಐಡಲ್‌ನಲ್ಲಿ ಬಂದ್ ಬಿದ್ದು ರಸ್ತೆಯಲ್ಲಿ ಚೆನ್ನಾಗಿ ಓಡುತ್ತದೆ. ಎರಡನೆಯದರ ಹರಿವು 0.85, ಡೆಡ್ ಟೈಮ್ ಮಾತ್ರ ಸರಿಯಾಗಿ 1 ಮಿಲಿಸೆಕೆಂಡ್. ಇದರ ರಂಧ್ರ ಅಥವಾ ಒಳಗಿನ ಜಾಲರಿ ಕಟ್ಟಿದೆ. ಇದು ಎಲ್ಲ ವೇಗಗಳಲ್ಲೂ ಬಡವಾಗಿರುತ್ತದೆ, ಪೂರ್ತಿ ಥ್ರಾಟಲ್‌ನಲ್ಲಿ ಸ್ಪಷ್ಟವಾಗಿ ಸೋಲುತ್ತದೆ. ಎರಡು ಅವಧಿಗಳಲ್ಲಿ ತೂಗುವ ಶ್ರಮಕ್ಕೆ ಸಿಗುವ ಫಲ ಇದೇ. 2 ಮಿಲಿಸೆಕೆಂಡಿಗಿಂತ ಕಿರಿದಾದ ಪಲ್ಸಿನಲ್ಲಿ ಹರಿವು ಈ ನೇರ ಗೆರೆಯನ್ನು ಬಿಟ್ಟು ಬಾಗುತ್ತದೆ, ಆದ್ದರಿಂದ ಲೆಕ್ಕಕ್ಕೆ ಅಂಥ ಅಳತೆಗಳನ್ನು ಬಳಸಬಾರದು.

ಪ್ರೆಶರ್ ಬೇರೆ, ದ್ರವ ಬೇರೆ ಆದಾಗ

ಹರಿವು ಪ್ರೆಶರಿನ ವರ್ಗಮೂಲಕ್ಕೆ ಅನುಗುಣವಾಗಿ ಬದಲಾಗುತ್ತದೆ. ಬೆಂಚಿನಲ್ಲಿ 2.7 ಬಾರ್ ಮಾತ್ರ ಸಿಕ್ಕು, 3 ಬಾರಿನ ಹರಿವು ಬೇಕಿದ್ದರೆ 3ನ್ನು 2.7ರಿಂದ ಭಾಗಿಸಿ ವರ್ಗಮೂಲ ತೆಗೆಯಬೇಕು, ಅದು 1.054. ಅಳೆದ ತೂಕವನ್ನು ಇದರಿಂದ ಗುಣಿಸಬೇಕು. ಗಾಡಿಯಲ್ಲಿ ಇಂಜೆಕ್ಟರಿನ ತುದಿ ಮ್ಯಾನಿಫೋಲ್ಡಿನ ನಿರ್ವಾತದಲ್ಲಿರುವುದರಿಂದ, ಐಡಲ್‌ನಲ್ಲಿ ಅದು ಬೆಂಚಿಗಿಂತ ಕೆಲವು ಅಂಶ ಹೆಚ್ಚೇ ಬಿಡುತ್ತದೆ. ಇಸಿಯು ಅದನ್ನು ತನ್ನ ಲೆಕ್ಕದಲ್ಲಿ ಹಿಡಿದಿರುತ್ತದೆ. ತೂಕದ ಹರಿವು ದ್ರವದ ಸಾಂದ್ರತೆಯ ವರ್ಗಮೂಲಕ್ಕೂ ಅನುಗುಣವಾಗಿದೆ. ಟರ್ಪೆಂಟೈನಿನ ಸಾಂದ್ರತೆ 0.78, ಪೆಟ್ರೋಲಿನದು 0.74 ಎಂದಾದರೆ, ಟರ್ಪೆಂಟೈನಿನಲ್ಲಿ ಬಂದ ತೂಕವನ್ನು 0.974ರಿಂದ ಗುಣಿಸಿದರೆ ಪೆಟ್ರೋಲಿನ ತೂಕ ಸಿಗುತ್ತದೆ. ತಯಾರಕರು ಹಲವೊಮ್ಮೆ ಎನ್-ಹೆಪ್ಟೇನ್ ಎಂಬ ದ್ರವದಲ್ಲಿ ಅಳೆದ ಅಂಕಿ ಕೊಡುತ್ತಾರೆ. ಅದರ ಸಾಂದ್ರತೆ 0.684. ತೂಕದಲ್ಲಿ ಕೊಟ್ಟ ಆ ಅಂಕಿಯನ್ನು 1.04ರಿಂದ ಗುಣಿಸಿ ಹೋಲಿಸಬೇಕು. ಹೀಗೆ ತಿದ್ದದೆ ಹೋಲಿಸಿದರೆ ಒಳ್ಳೆಯ ಇಂಜೆಕ್ಟರೂ ಕೆಟ್ಟದ್ದಾಗಿ ಕಾಣಬಹುದು.

ಎಷ್ಟು ಬರಬೇಕು

ಬೈಕುಗಳ ಸರ್ವಿಸ್ ಮ್ಯಾನುಯಲ್‌ಗಳಲ್ಲಿ ರೆಸಿಸ್ಟೆನ್ಸ್ ಸಿಗುತ್ತದೆ, ಪ್ರೆಶರ್ ಸಿಗುತ್ತದೆ, ಹರಿವು ಸಿಗುವುದು ವಿರಳ. ಅತ್ಯಂತ ನಂಬಲರ್ಹವಾದ ದಾರಿಯೆಂದರೆ ಅದೇ ಪಾರ್ಟ್ ನಂಬರಿನ, ಚೆನ್ನಾಗಿ ಓಡುತ್ತಿರುವ ಗಾಡಿಯ ಇಂಜೆಕ್ಟರನ್ನು ಅದೇ ಬೆಂಚಿನಲ್ಲಿ, ಅದೇ ದಿನ, ಅದೇ ದ್ರವದಲ್ಲಿ ತೂಗುವುದು. ಬೆಂಚಿನ ಸಣ್ಣಪುಟ್ಟ ಕೊರತೆಗಳೆಲ್ಲ ಎರಡಕ್ಕೂ ಸಮವಾಗಿ ತಗಲುವುದರಿಂದ ಹೋಲಿಕೆ ನ್ಯಾಯವಾಗಿರುತ್ತದೆ. ಶೇ 5ರ ಒಳಗಿನ ವ್ಯತ್ಯಾಸವನ್ನು ದೋಷವೆಂದು ಎಣಿಸಬಾರದು. ಶೇ 10 ದಾಟಿದರೆ ಅದು ಸವಾರನಿಗೇ ಗೊತ್ತಾಗುವ ಮಟ್ಟ. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650ರಂಥ ಎರಡು ಸಿಲಿಂಡರಿನ ಗಾಡಿಗಳಲ್ಲಿ ಎರಡು ಇಂಜೆಕ್ಟರುಗಳ ನಡುವೆ ಶೇ 2–3ಕ್ಕಿಂತ ಹೆಚ್ಚಿನ ಅಂತರ ಇರದಂತೆ ನೋಡಿಕೊಳ್ಳಬೇಕು.

ಹೋಲಿಸಲು ಇನ್ನೊಂದು ಸಿಗದಿದ್ದಾಗ ಇಂಜಿನ್ನಿನ ಶಕ್ತಿಯಿಂದ ಕನಿಷ್ಠ ಹರಿವನ್ನು ಅಂದಾಜಿಸಬಹುದು. ನಮ್ಮ ರಸ್ತೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ಹೀರೋ ಸ್ಪ್ಲೆಂಡರ್ ಪ್ಲಸ್‌ನ 97.2 ಸಿಸಿ ಇಂಜಿನ್ 8,000 ಆರ್‌ಪಿಎಂನಲ್ಲಿ ಸುಮಾರು 5.9 ಕಿಲೋವ್ಯಾಟ್ ಶಕ್ತಿ ಕೊಡುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಸಣ್ಣ ಪೆಟ್ರೋಲ್ ಇಂಜಿನ್ ಪ್ರತಿ ಕಿಲೋವ್ಯಾಟಿಗೆ ತಾಸಿಗೆ 300ರಿಂದ 350 ಗ್ರಾಂ ಇಂಧನ ಉರಿಸುತ್ತದೆ ಎಂದು ಹಿಡಿದರೆ, ನಿಮಿಷಕ್ಕೆ ಸುಮಾರು 32 ಗ್ರಾಂ ಬೇಕು. ಇಂಜೆಕ್ಟರ್ ಆವರ್ತನೆಯ ಶೇ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದೆಂಬ ಲೆಕ್ಕದಲ್ಲಿ ಸ್ಟ್ಯಾಟಿಕ್ ಹರಿವು ನಿಮಿಷಕ್ಕೆ ಕನಿಷ್ಠ 40 ಗ್ರಾಂ, ಅಂದರೆ ಸುಮಾರು 54 ಸಿಸಿ ಇರಲೇಬೇಕು. ಡೆಡ್ ಟೈಮ್ ಮತ್ತು ಇ20ರ ಪಾಲು ಸೇರಿದರೆ ಇನ್ನಷ್ಟು. ಇದು ಕೆಳಗಿನ ಮಿತಿ ಮಾತ್ರ, ಆ ಗಾಡಿಯ ಇಂಜೆಕ್ಟರಿನ ನಿಜವಾದ ಹರಿವಲ್ಲ. ಅಳತೆಯಲ್ಲಿ ನಿಮಿಷಕ್ಕೆ 30 ಗ್ರಾಂ ಬಂದರೆ ಕಟ್ಟಿಕೊಂಡಿದೆ ಎನ್ನಲು ಈ ಲೆಕ್ಕ ಸಾಕು. 60 ಬಂದರೆ ಪೂರ್ತಿ ಚೆನ್ನಾಗಿದೆ ಎನ್ನಲು ಸಾಲದು.

ತೊಟ್ಟಿಕ್ಕುವಿಕೆ, ಸಿಂಪರಣೆ, ಶುಚಿ

ಕರೆಂಟ್ ಇಲ್ಲದೆ 3 ಬಾರ್ ಪ್ರೆಶರ್ ಕೊಟ್ಟು, ತುದಿಯನ್ನು ಒರೆಸಿ, ಒಂದು ನಿಮಿಷ ನೋಡಬೇಕು. ತುದಿ ತುಸು ಹಸಿಯಾದರೆ ಅಡ್ಡಿಯಿಲ್ಲ. ಹನಿಯೊಂದು ಕಟ್ಟಿ, ದಪ್ಪವಾಗುತ್ತ, ಬೀಳುವಂತಾದರೆ ಆ ಇಂಜೆಕ್ಟರ್ ಶುಚಿಗೊಳಿಸಿದ ಮೇಲೂ ಹಾಗೆಯೇ ಇದ್ದಲ್ಲಿ ಬದಲಿಸಲೇಬೇಕು. ಹರಿವು ಎಷ್ಟೇ ಸರಿಯಿದ್ದರೂ ಇದಕ್ಕೆ ರಿಯಾಯಿತಿ ಇಲ್ಲ. ಸಿಂಪರಣೆಯನ್ನು ಕಪ್ಪು ಹಿನ್ನೆಲೆಯ ಮುಂದೆ, ಪಕ್ಕದಿಂದ ಟಾರ್ಚ್ ಹಿಡಿದು ನೋಡಬೇಕು. ಸಮವಾದ ಶಂಕುವಿನ ಒಂದು ಬದಿ ಖಾಲಿಯಿದ್ದರೆ ಅಥವಾ ನಡುವೆ ದಾರದಂಥ ಧಾರೆ ಬರುತ್ತಿದ್ದರೆ ಕೆಲವು ರಂಧ್ರಗಳು ಮುಚ್ಚಿವೆ. ಭೂತಗನ್ನಡಿಯಲ್ಲಿ ನೋಡಿದರೆ ಆ ರಂಧ್ರಗಳ ಅಂಚಿನಲ್ಲಿ ಕಂದು ಬಣ್ಣದ, ವಾರ್ನಿಶ್ ಹೊಡೆದಂಥ ಪದರ ಕಾಣುತ್ತದೆ. ಅದನ್ನು ಸೂಜಿಯಿಂದ ಕೆದಕಬಾರದು. ರಂಧ್ರ ಕೂದಲಿನಷ್ಟು ಹಿಗ್ಗಿದರೂ ಹರಿವು ಮತ್ತು ಸಿಂಪರಣೆ ಎರಡೂ ಶಾಶ್ವತವಾಗಿ ಕೆಡುತ್ತವೆ.

ಶುಚಿಗೆ ಅಲ್ಟ್ರಾಸಾನಿಕ್ ತೊಟ್ಟಿಯೇ ಸರಿ. ತುದಿ ಮಾತ್ರ ಮುಳುಗುವಂತೆ ಇಳಿಬಿಟ್ಟು, ಪಲ್ಸ್ ಕೊಡುತ್ತ 10–15 ನಿಮಿಷ ನಡೆಸಿ, ನಂತರ ಹಿಮ್ಮುಖವಾಗಿ ತೊಳೆದು ಒಳ ಜಾಲರಿಯ ಕಸ ಹೊರಹಾಕಬೇಕು. ಜಾಲರಿ ಬದಲಿಸಬಹುದಾದ ಮಾಡೆಲ್ ಆದರೆ ಬದಲಿಸುವುದು ಒಳ್ಳೆಯದು. ಇದಾದ ಮೇಲೆ ಮೂರೂ ಅಳತೆಗಳನ್ನು ಮತ್ತೆ ತೂಗಬೇಕು. ಶುಚಿ ಮಾಡಿದ್ದೇವೆ ಎಂದು ಹಣ ಪಡೆದು ಮರುತೂಕ ತೋರಿಸದ ಕೆಲಸವನ್ನು ಗ್ರಾಹಕರು ಒಪ್ಪಬಾರದು. ಅಂಟಿನಿಂದ ತಡವಾಗುತ್ತಿದ್ದ ಇಂಜೆಕ್ಟರುಗಳು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತವೆ. ನೀರಿನಿಂದ ಒಳಗೆ ತುಕ್ಕು ಹಿಡಿದವು ಚೇತರಿಸಿಕೊಳ್ಳುವುದು ಕಡಿಮೆ.

ಮರಳಿ ಜೋಡಿಸುವಾಗ

ಇಂಜೆಕ್ಟರಿನ ಮೇಲೂ ಕೆಳಗೂ ಇರುವ ಎರಡೂ ರಬ್ಬರ್ ಓ-ರಿಂಗುಗಳನ್ನು ಹೊಸದಾಗಿ ಹಾಕಿ, ಒಂದು ಹನಿ ಇಂಜಿನ್ ಆಯಿಲ್ ಸವರಿ, ತಿರುಚದೆ ನೇರವಾಗಿ ಒತ್ತಬೇಕು. ಹಳೆಯ ರಿಂಗು ಬಿಸಿಲಿಗೆ ಗಟ್ಟಿಯಾಗಿದ್ದರೆ ಮೇಲಿನದು ಪೆಟ್ರೋಲ್ ಸೋರುತ್ತದೆ, ಕೆಳಗಿನದು ಗಾಳಿ ಎಳೆಯುತ್ತದೆ. ಕೆಳಗಿನ ಸೋರಿಕೆ ಐಡಲ್‌ನಲ್ಲಿ ಮತ್ತೆ ಅದೇ ಹಳೆಯ ದೂರನ್ನು ಹುಟ್ಟಿಸುತ್ತದೆ. ಕೀ ಆನ್ ಮಾಡಿದಾಗ ಪಂಪು ಎರಡು-ಮೂರು ಸೆಕೆಂಡ್ ಓಡಿ ನಿಲ್ಲುತ್ತದೆ. ಹೀಗೆ ಎರಡು-ಮೂರು ಸಲ ಮಾಡಿ ಜೋಡಣೆಯ ಸುತ್ತ ಒಣ ಬಟ್ಟೆ ಹಿಡಿದು ಹಸಿ ಇದೆಯೇ ಎಂದು ನೋಡಿದ ನಂತರವೇ ಸ್ಟಾರ್ಟ್ ಮಾಡಬೇಕು. ಹಳೆಯ ಇಂಜೆಕ್ಟರಿಗೆ ಹೊಂದಿಕೊಂಡಿದ್ದ ಫ್ಯೂಯೆಲ್ ಟ್ರಿಮ್ಮನ್ನು ಸ್ಕ್ಯಾನರಿನಿಂದ ಅಳಿಸಬೇಕು. ಸ್ಕ್ಯಾನರ್ ಇಲ್ಲದಿದ್ದರೆ ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಬೇರೆ ಬೇರೆ ವೇಗಗಳಲ್ಲಿ ಒಂದಷ್ಟು ದೂರ ಓಡಿಸಿ ಇಸಿಯುವಿಗೆ ಹೊಂದಿಕೊಳ್ಳಲು ಅವಕಾಶ ಕೊಡಬೇಕು.

ಜಾಬ್ ಕಾರ್ಡಿನಲ್ಲಿ ಇಂಜೆಕ್ಟರಿನ ನಂಬರ್, ದ್ರವ, ಅದರ ಉಷ್ಣಾಂಶ, ಪ್ರೆಶರ್, ವೋಲ್ಟೇಜ್, ಶುಚಿಗೆ ಮುನ್ನ ಮತ್ತು ನಂತರದ ಮೂರು ಮೂರು ತೂಕಗಳು, ಲೆಕ್ಕದಿಂದ ಬಂದ ಡೆಡ್ ಟೈಮ್ ಇಷ್ಟನ್ನೂ ಬರೆದು, ಒಂದು ಪ್ರತಿಯನ್ನು ಗಾಡಿಯವರ ಕೈಗೆ ಕೊಡಬೇಕು. ಮುಂದಿನ ಸಲ ಅದೇ ನಂಬರಿನ ಇನ್ನೊಂದು ಇಂಜೆಕ್ಟರ್ ಬೆಂಚಿಗೆ ಬಂದಾಗ ಹೋಲಿಸಲು ಈ ಅಂಕಿಗಳೇ ಆಧಾರ.